ಡಯಲ್ ಮೇಲೆ ಟ್ಯೂಡರ್, ಕೀ ಮೇಲೆ ರೋಲೆಕ್ಸ್ ಕಿರೀಟ: ಒಂದೇ ಮನೆಯ ಎರಡು ವಾಚುಗಳು

ಮಂಗಳೂರಿನ ಗೆಳೆಯನೊಬ್ಬ ಬೆಂಗಳೂರಿಗೆ ಬಂದಾಗ ಕರ್ಚೀಫಿನಲ್ಲಿ ಸುತ್ತಿಟ್ಟ ಒಂದು ವಾಚ್ ತಂದಿದ್ದ. ಅವನ ಅಜ್ಜ 1960ರ ದಶಕದಲ್ಲಿ ಕುವೈತಿನಲ್ಲಿ ಕೆಲಸಕ್ಕಿದ್ದಾಗ ಕೊಂಡದ್ದು. ಡಯಲ್ ಮೇಲೆ ಪುಟ್ಟ ಗುಲಾಬಿಯ ಗುರುತು, ಅದರ ಕೆಳಗೆ 'ಟ್ಯೂಡರ್' ಎಂಬ ಹೆಸರು. ಆದರೆ ಪಕ್ಕದ ಕೀ, ಅಂದರೆ ತಿರುಗಿಸುವ ಗುಂಡಿಯ ಮೇಲೆ ಇದ್ದದ್ದು ರೋಲೆಕ್ಸಿನ ಕಿರೀಟದ ಗುರುತು. ತಿರುಗಿಸಿ ನೋಡಿದರೆ ಹಿಂದಿನ ಮುಚ್ಚಳದ ಅಂಚಿನಲ್ಲಿ ಅರ್ಧ ಸವೆದ ಇಂಗ್ಲಿಷ್ ಅಕ್ಷರಗಳು: 'ಒರಿಜಿನಲ್ ಆಯ್ಸ್ಟರ್ ಕೇಸ್ ಬೈ ರೋಲೆಕ್ಸ್ ಜಿನೀವಾ'.

ಊರಿನ ಅಂಗಡಿಯೊಂದರಲ್ಲಿ ತೋರಿಸಿದ್ದಕ್ಕೆ, "ಎರಡು ವಾಚಿನ ಪಾರ್ಟ್ ಸೇರಿಸಿ ಮಾಡಿದ ಡೂಪ್ಲಿಕೇಟ್ ಇದು" ಅಂದರಂತೆ. ಅವನಿಗೆ ತುಂಬಾ ಬೇಸರವಾಗಿತ್ತು. "ನಮ್ಮ ಅಜ್ಜ ಡೂಪ್ಲಿಕೇಟ್ ತಗೊಳ್ಳುವ ಜನ ಅಲ್ಲ ಮಾರಾಯ" ಅಂದ.

ಅಜ್ಜ ಮೋಸ ಹೋಗಿರಲಿಲ್ಲ. ಆ ಕಾಲದ ಟ್ಯೂಡರ್ ವಾಚುಗಳು ಇದ್ದದ್ದೇ ಹಾಗೆ. ರೋಲೆಕ್ಸ್ ಮತ್ತು ಟ್ಯೂಡರ್ ಒಂದೇ ಮನೆಯ ಅಕ್ಕ-ತಂಗಿ. ಅಕ್ಕನ ಹೆಸರು ಊರಿಗೆಲ್ಲ ಗೊತ್ತು, ತಂಗಿಯದು ಗೊತ್ತಿರುವವರು ಕಮ್ಮಿ.

ಈ ಮಾತು ಈಗ ಹೇಳಲು ಇನ್ನೊಂದು ಕಾರಣವೂ ಇದೆ. ಸ್ವಿಟ್ಜರ್‌ಲ್ಯಾಂಡ್ ಸೇರಿದಂತೆ ಯುರೋಪಿನ ನಾಲ್ಕು ದೇಶಗಳ ಜೊತೆ ಭಾರತ 2024ರ ಮಾರ್ಚ್‌ನಲ್ಲಿ ಮಾಡಿಕೊಂಡ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಸ್ವಿಸ್ ವಾಚುಗಳ ಮೇಲಿನ ಆಮದು ಸುಂಕ ಹಂತ ಹಂತವಾಗಿ ಇಳಿಯುತ್ತದೆ ಎಂಬ ಸುದ್ದಿ ಓದಿದ ಮೇಲೆ, ವಾಚಿನ ಬಗ್ಗೆ ತಲೆ ಕೆಡಿಸಿಕೊಳ್ಳದವರೂ ಕೇಳತೊಡಗಿದ್ದಾರೆ. ರೋಲೆಕ್ಸಿಗೆ ಅಷ್ಟೊಂದು ಬೆಲೆ ಯಾಕೆ? ಅದೇ ಮನೆಯ ಟ್ಯೂಡರ್ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತದಂತೆ, ಹಾಗಾದರೆ ಅದರಲ್ಲಿ ಏನು ಕಮ್ಮಿ?

ಅಗ್ಗದ ವಾಚಿಗೆ ಬೇರೆ ಹೆಸರು ಏಕೆ ಬೇಕಾಯಿತು?

ಎರಡೂ ಕಂಪನಿಗಳ ಹಿಂದೆ ಇರುವುದು ಒಬ್ಬನೇ ವ್ಯಕ್ತಿ, ಹಾನ್ಸ್ ವಿಲ್ಸ್‌ಡಾರ್ಫ್. 1881ರಲ್ಲಿ ಜರ್ಮನಿಯ ಕುಲ್ಮ್‌ಬಾಖ್ ಎಂಬ ಊರಿನಲ್ಲಿ ಹುಟ್ಟಿದವರು. 1905ರಲ್ಲಿ ಲಂಡನ್ನಿನಲ್ಲಿ ತಮ್ಮ ಬಂಧು ಆಲ್ಫ್ರೆಡ್ ಡೇವಿಸ್ ಜೊತೆ ವಾಚ್ ವ್ಯಾಪಾರ ಶುರು ಮಾಡಿದರು. 1908ರಲ್ಲಿ ರೋಲೆಕ್ಸ್ ಎಂಬ ಹೆಸರನ್ನು ನೋಂದಾಯಿಸಿದರು. ಚಿಕ್ಕ ಹೆಸರು, ಯಾವ ಭಾಷೆಯವರ ಬಾಯಲ್ಲೂ ಸಲೀಸಾಗಿ ಬರುವಂಥದ್ದು. 1919ರ ಹೊತ್ತಿಗೆ ಕಂಪನಿ ಜಿನೀವಾಕ್ಕೆ ಹೋಯಿತು.

ಆಗಿನ ಕಾಲದಲ್ಲಿ ಕೈಗೆ ಕಟ್ಟುವ ವಾಚ್ ಎಂದರೆ ಜನಕ್ಕೆ ನಂಬಿಕೆ ಇರಲಿಲ್ಲ. ಗಂಡಸರು ಜೇಬಿನಲ್ಲಿ ಚೈನು ಹಾಕಿದ ಗಡಿಯಾರ ಇಟ್ಟುಕೊಳ್ಳುತ್ತಿದ್ದರು. ಕೈಗೆ ಕಟ್ಟಿದ ವಾಚಿಗೆ ಧೂಳು, ಬೆವರು, ನೀರು ಎಲ್ಲವೂ ಶತ್ರು. ಇದಕ್ಕೆ ವಿಲ್ಸ್‌ಡಾರ್ಫ್ 1926ರಲ್ಲಿ ಕೊಟ್ಟ ಉತ್ತರವೇ 'ಆಯ್ಸ್ಟರ್'. ಆಯ್ಸ್ಟರ್ ಎಂದರೆ ಸಿಂಪಿ. ಹಿಂದಿನ ಮುಚ್ಚಳವನ್ನೂ ಕೀಯನ್ನೂ ಉಪ್ಪಿನಕಾಯಿ ಜಾಡಿಯ ಮುಚ್ಚಳದ ಹಾಗೆ ತಿರುಪು ತಿರುಗಿಸಿ ಬಿಗಿ ಮಾಡುವ ವ್ಯವಸ್ಥೆ ಅದು. ನೀರು ಒಳಗೆ ಹೋಗುವುದಿಲ್ಲ.

ಮುಂದಿನ ವರ್ಷವೇ ಅದಕ್ಕೆ ದೊಡ್ಡ ಪ್ರಚಾರ ಸಿಕ್ಕಿತು. ಇಂಗ್ಲಿಷ್ ಕಡಲ್ಗಾಲುವೆಯನ್ನು ಈಜಲು ಇಳಿದ ಮರ್ಸಿಡಿಸ್ ಗ್ಲೈಟ್ಸ್ ಎಂಬ ಯುವತಿಯ ಕೊರಳಿಗೆ ಒಂದು ಆಯ್ಸ್ಟರ್ ವಾಚ್ ಕಟ್ಟಿ ಕಳಿಸಿದ್ದರು. 1927ರ ಅಕ್ಟೋಬರ್‌ನ ಆ ಈಜು ಪೂರ್ತಿಯಾಗಲಿಲ್ಲ, ಚಳಿಗೆ ಆಕೆಯನ್ನು ದಡ ಸೇರುವ ಮೊದಲೇ ಮೇಲೆತ್ತಬೇಕಾಯಿತು. ಆದರೆ ಹತ್ತು ಗಂಟೆಗೂ ಜಾಸ್ತಿ ಹೊತ್ತು ನೀರಿನಲ್ಲಿದ್ದ ವಾಚ್ ಸರಿಯಾಗಿಯೇ ನಡೆಯುತ್ತಿತ್ತು. ಆ ನವೆಂಬರ್‌ನಲ್ಲಿ ಲಂಡನ್ನಿನ 'ಡೈಲಿ ಮೇಲ್' ಪತ್ರಿಕೆಯ ಇಡೀ ಮುಖಪುಟವನ್ನು ಕೊಂಡು ವಿಲ್ಸ್‌ಡಾರ್ಫ್ ಅದನ್ನು ಸಾರಿದರು.

ಹೀಗೆ ರೋಲೆಕ್ಸಿಗೆ ಒಳ್ಳೆಯ ಹೆಸರು ಬಂತು, ಬೆಲೆಯೂ ಏರಿತು. ವಿಲ್ಸ್‌ಡಾರ್ಫ್ ಮನಸ್ಸಿನಲ್ಲಿ ಮಾತ್ರ ಇನ್ನೊಂದು ಲೆಕ್ಕ ಓಡುತ್ತಿತ್ತು. ರೋಲೆಕ್ಸಿನಷ್ಟೇ ನಂಬಬಹುದಾದ, ಆದರೆ ಅಷ್ಟು ದುಡ್ಡು ಕೊಡಲಾಗದವರ ಕೈಗೂ ಎಟುಕುವ ಒಂದು ವಾಚ್ ಬೇಕು. ಹಾಗಂತ ರೋಲೆಕ್ಸ್ ಹೆಸರಿನಲ್ಲೇ ಅಗ್ಗದ ವಾಚ್ ಮಾರಿದರೆ?

ರೇಷ್ಮೆ ಸೀರೆ ಅಂಗಡಿಯ ಉದಾಹರಣೆ ತೆಗೆದುಕೊಳ್ಳಿ. ಮದುವೆ ಸೀರೆಗೆ ನಲವತ್ತು ಸಾವಿರ ಕೊಟ್ಟ ಅಮ್ಮನಿಗೆ, ಅದೇ ಅಂಗಡಿ ಅದೇ ಹೆಸರಿನ ಪಟ್ಟಿ ಹಚ್ಚಿ ಎಂಟು ನೂರರ ಸೀರೆಯನ್ನೂ ಮಾರುತ್ತಿದೆ ಎಂದು ಗೊತ್ತಾದರೆ ಹೇಗನಿಸುತ್ತದೆ? ಸೀರೆ ಬದಲಾಗಿಲ್ಲ, ಆದರೆ ಹೆಸರಿನ ತೂಕ ಇಳಿಯಿತು. ಅದಕ್ಕೇ ವ್ಯಾಪಾರಿಗಳು ಇನ್ನೊಂದು ಹೆಸರಿನಲ್ಲಿ ಇನ್ನೊಂದು ಅಂಗಡಿ ತೆರೆಯುತ್ತಾರೆ. ನಮ್ಮ ಬೆಂಗಳೂರಿನ ಟೈಟಾನ್ ಕಂಪನಿ ಕಡಿಮೆ ಬೆಲೆಯ ವಾಚುಗಳನ್ನು ಸೊನಾಟಾ ಎಂಬ ಬೇರೆ ಹೆಸರಿನಲ್ಲಿ ಮಾರುತ್ತದಲ್ಲ, ಲೆಕ್ಕ ಅದೇ.

ಟ್ಯೂಡರ್ ಎಂಬ ಹೆಸರನ್ನು 1926ರ ಫೆಬ್ರವರಿಯಲ್ಲಿ ನೋಂದಾಯಿಸಿದ್ದು ವಿಲ್ಸ್‌ಡಾರ್ಫ್ ಪರವಾಗಿ ಫಿಲಿಪ್ ಹ್ಯೂಥರ್ ಎಂಬ ವಾಚ್ ತಯಾರಕನ ವಿಧವೆಯ ಸಂಸ್ಥೆ. ಇಂಗ್ಲೆಂಡನ್ನು ಆಳಿದ ಟ್ಯೂಡರ್ ರಾಜವಂಶದ ನೆನಪಿನ ಹೆಸರು, ಗುಲಾಬಿ ಆ ವಂಶದ ಗುರುತು. 1936ರಲ್ಲಿ ಹೆಸರು ವಿಲ್ಸ್‌ಡಾರ್ಫ್ ಕೈಗೆ ಬಂತು. 1946ರ ಮಾರ್ಚ್ 6ರಂದು ಟ್ಯೂಡರ್ ಪ್ರತ್ಯೇಕ ಕಂಪನಿಯಾಯಿತು.

ಇಂದಿಗೂ ಎರಡರ ಒಡೆತನ ಒಂದೇ ಕಡೆ ಇದೆ. ವಿಲ್ಸ್‌ಡಾರ್ಫ್ ಅವರ ಹೆಂಡತಿ 1944ರಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ. ಮುಂದೆ ಎಲ್ಲವನ್ನೂ ತಮ್ಮ ಹೆಸರಿನ ಒಂದು ಟ್ರಸ್ಟಿಗೆ ಬಿಟ್ಟರು. ಹಾಗಾಗಿ ರೋಲೆಕ್ಸಿನ ಷೇರು ಯಾವ ಪೇಟೆಯಲ್ಲೂ ಸಿಗುವುದಿಲ್ಲ.

ಹಳೇ ಟ್ಯೂಡರ್: ಬಾಡಿ ಅಕ್ಕನದು, ಇಂಜಿನ್ ಬೇರೆಯವರದು

ಗೆಳೆಯನ ವಾಚಿನ ಒಗಟು ಬಿಡಿಸುವ ಜಾಗ ಇದು.

ಕಡಿಮೆ ಬೆಲೆಗೆ ಕೊಡಬೇಕು, ಆದರೆ ನಂಬಿಕೆ ಕೆಡಬಾರದು. ವಿಲ್ಸ್‌ಡಾರ್ಫ್ ಕಂಡುಕೊಂಡ ದಾರಿ ಬಹಳ ನೇರವಾಗಿತ್ತು. ವಾಚನ್ನು ಎರಡು ಭಾಗವಾಗಿ ನೋಡಿದರು. ಒಂದು, ಹೊರಗಿನ ಕೇಸು, ಕೀ, ಚೈನು. ಇನ್ನೊಂದು, ಒಳಗೆ ಓಡುವ ಯಂತ್ರ. ಇದಕ್ಕೆ ವಾಚಿನವರು 'ಮೂವ್‌ಮೆಂಟ್' ಅಥವಾ 'ಮಷೀನು' ಅನ್ನುತ್ತಾರೆ. ನೀರು ಒಳಗೆ ಹೋಗದಂತೆ ಕಾಪಾಡುವುದು ಕೇಸು, ಅದನ್ನು ರೋಲೆಕ್ಸಿನದ್ದೇ ಕೊಟ್ಟರು. ಮಷೀನು ಮಾತ್ರ ಹೊರಗಿನ ತಯಾರಕರಿಂದ ಕೊಂಡು ಹಾಕಿದರು. ರೋಲೆಕ್ಸಿನ ಸ್ವಂತ ಮಷೀನಿಗೆ ಬೀಳುತ್ತಿದ್ದ ಖರ್ಚು ಅಲ್ಲಿ ಉಳಿಯಿತು.

ನಮ್ಮ ಬಸ್ಸುಗಳಲ್ಲಿ ಚಾಸಿಸ್, ಇಂಜಿನ್ ಒಬ್ಬರದು, ಬಾಡಿ ಕಟ್ಟುವವರು ಇನ್ನೊಬ್ಬರು ಅಲ್ವಾ? ಅದರ ಹಾಗೆಯೇ. ಆದ್ದರಿಂದ ಕೀ ಮೇಲೆ ಕಿರೀಟ, ಮುಚ್ಚಳದ ಮೇಲೆ ರೋಲೆಕ್ಸ್ ಹೆಸರು, ಡಯಲ್ ಮೇಲೆ ಟ್ಯೂಡರ್. ಮೂರೂ ಅಸಲಿ.

1952ರಲ್ಲಿ ಬಂದ 'ಆಯ್ಸ್ಟರ್ ಪ್ರಿನ್ಸ್' ಎಂಬ ಟ್ಯೂಡರ್ ವಾಚಿನ ಜಾಹೀರಾತಿನಲ್ಲಿ ಕೋಟು ಹಾಕಿದ ಸಾಹೇಬರ ಬದಲು ಕಲ್ಲು ಒಡೆಯುವ ಡ್ರಿಲ್ ಹಿಡಿದ ಕೆಲಸಗಾರರು ಇದ್ದರು. ಇಷ್ಟು ಅದುರಿದರೂ ಇದು ನಿಲ್ಲುವುದಿಲ್ಲ ಎಂದು ತೋರಿಸುವುದು ಉದ್ದೇಶ. ಅದೇ ವರ್ಷ ಗ್ರೀನ್‌ಲ್ಯಾಂಡಿನ ಹಿಮಕ್ಕೆ ಹೊರಟ ಬ್ರಿಟಿಷ್ ತಂಡಕ್ಕೆ 26 ವಾಚು ಕೊಟ್ಟರು. ತಂಡದವರು ರೇಡಿಯೊದಲ್ಲಿ ಬರುವ ಸಮಯದ ಸಂಕೇತಕ್ಕೆ ಹೋಲಿಸಿ ವಾಚುಗಳ ನಡೆಯನ್ನು ಬರೆದಿಟ್ಟರು.

1953ರಲ್ಲಿ ರೋಲೆಕ್ಸ್ ಮುಳುಗುಗಾರರಿಗಾಗಿ 'ಸಬ್‌ಮರೀನರ್' ವಾಚ್ ಮಾಡಿತು. 1954ರಲ್ಲೇ ಟ್ಯೂಡರ್ ಸಬ್‌ಮರೀನರ್ ಕೂಡ ಬಂತು. ಫ್ರಾನ್ಸಿನ ನೌಕಾಪಡೆ ತನ್ನ ಮುಳುಗುಗಾರರಿಗೆ ವರ್ಷಗಟ್ಟಲೆ ಕೊಟ್ಟದ್ದು ಟ್ಯೂಡರನ್ನು. ಸಮುದ್ರದ ತಳದಲ್ಲಿ ಉಸಿರಿನ ಲೆಕ್ಕ ಇಡುವವರು ಹೆಸರು ನೋಡುವುದಿಲ್ಲ, ಕೆಲಸ ನೋಡುತ್ತಾರೆ. ಟ್ಯೂಡರನ್ನು 'ಬಡವರ ರೋಲೆಕ್ಸ್' ಎಂದು ಕರೆಯುವವರಿಗೆ ನಾನು ಹೇಳುವುದು ಈ ಸಂಗತಿಯನ್ನೇ.

1969ರಲ್ಲಿ ಡಯಲ್ ಮೇಲಿನ ಗುಲಾಬಿ ಹೋಗಿ ಗುರಾಣಿಯ ಗುರುತು ಬಂತು. ಗೆಳೆಯನ ಅಜ್ಜನ ವಾಚಿನಲ್ಲಿ ಗುಲಾಬಿ ಇರುವುದು ಕುವೈತಿನ ದಿನಗಳ ಲೆಕ್ಕಕ್ಕೂ ಸರಿಹೊಂದುತ್ತದೆ.

ಮುಚ್ಚಳ ತೆಗೆದರೆ ಏನು ಕಾಣುತ್ತದೆ?

ಇಂದಿನ ಎರಡು ವಾಚುಗಳ ವ್ಯತ್ಯಾಸ ತಿಳಿಯಬೇಕಾದರೆ ಒಳಗಿನ ಮಷೀನು ಹೇಗೆ ನಡೆಯುತ್ತದೆ ಎಂಬುದು ಸ್ವಲ್ಪ ಗೊತ್ತಿರಬೇಕು. ನಮ್ಮ ಮನೆಯಲ್ಲಿದ್ದ ಎಚ್‌ಎಂಟಿ ನೆನಪಿಸಿಕೊಳ್ಳಿ. ದಿನಾ ಬೆಳಿಗ್ಗೆ ಅಪ್ಪ ಕೀ ಕೊಡುತ್ತಿದ್ದರು. ಕೀ ಕೊಟ್ಟಾಗ ಒಳಗಿನ ಉದ್ದನೆಯ ಸ್ಪ್ರಿಂಗ್ ಸುರುಳಿಯಾಗಿ ಬಿಗಿಯಾಗುತ್ತದೆ. ಅದು ನಿಧಾನಕ್ಕೆ ಬಿಚ್ಚಿಕೊಳ್ಳುವಾಗ ಹಲ್ಲು ಚಕ್ರಗಳನ್ನು ತಿರುಗಿಸುತ್ತದೆ, ಮುಳ್ಳುಗಳು ಓಡುತ್ತವೆ.

ಆದರೆ ಸ್ಪ್ರಿಂಗನ್ನು ಸುಮ್ನೆ ಬಿಟ್ಟರೆ ಒಂದೇ ಸಲ ಬಿಚ್ಚಿಕೊಂಡುಬಿಡುತ್ತದೆ. ಅದಕ್ಕೆ ಒಂದು ಕಡಿವಾಣ ಬೇಕು. ಅದೇ ಬ್ಯಾಲೆನ್ಸ್ ಚಕ್ರ. ಆ ಕಡೆ ಈ ಕಡೆ ಆಡುತ್ತಾ, ಪ್ರತಿ ಸಲ ಒಂದೊಂದೇ ಹಲ್ಲನ್ನು ಮುಂದೆ ಬಿಡುತ್ತದೆ. ನಮಗೆ ಕೇಳುವ 'ಟಿಕ್ ಟಿಕ್' ಅದರದ್ದೇ. ಈ ಚಕ್ರವನ್ನು ಆಡಿಸುವುದು ಕೂದಲಿಗಿಂತ ತೆಳ್ಳಗಿನ ಒಂದು ಸುರುಳಿ, ಹೇರ್‌ಸ್ಪ್ರಿಂಗ್. ವಾಚಿನ ಪ್ರಾಣ ಇರುವುದು ಅಲ್ಲಿ. ಅದಕ್ಕೆ ಪೆಟ್ಟು ಬಿದ್ದರೆ, ಆಯಸ್ಕಾಂತ ಹಿಡಿದರೆ ವಾಚು ಹಿಂದೆ ಮುಂದೆ ಆಗುತ್ತದೆ.

ಕೀ ಕೊಡುವ ಹಳೆಯ ಎಚ್‌ಎಂಟಿ ವಾಚುಗಳು ಸೆಕೆಂಡಿಗೆ 5 ಸಲ ಟಿಕ್ ಅನ್ನುತ್ತವೆ. ಇಂದಿನ ರೋಲೆಕ್ಸ್, ಟ್ಯೂಡರ್ ಎರಡರಲ್ಲೂ ಹೆಚ್ಚಿನವು ಸೆಕೆಂಡಿಗೆ 8 ಸಲ. ಅದಕ್ಕೇ ಅವುಗಳ ಸೆಕೆಂಡ್ ಮುಳ್ಳು ಕುಪ್ಪಳಿಸದೆ ಜಾರಿದಂತೆ ಕಾಣುತ್ತದೆ. ಇವಕ್ಕೆ ದಿನಾ ಕೀ ಕೊಡಬೇಕಿಲ್ಲ. ಒಳಗೆ ಅರ್ಧ ಚಂದ್ರದ ಆಕಾರದ ಒಂದು ತೂಕದ ತಗಡು ಇದೆ, ಹೆಸರು ರೋಟರ್. ಕೈ ಆಡಿದ ಹಾಗೆಲ್ಲ ಅದು ತಿರುಗಿ ಸ್ಪ್ರಿಂಗಿಗೆ ತಾನೇ ಕೀ ಕೊಡುತ್ತದೆ. ತಡೆಯಿಲ್ಲದೆ ಪೂರ್ತಿ ಸುತ್ತು ತಿರುಗುವ ರೋಟರನ್ನು ರೋಲೆಕ್ಸ್ 1931ರಲ್ಲಿ ತಂದಿತು.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಸಾವಿರ ರೂಪಾಯಿಯ ಬ್ಯಾಟರಿ ವಾಚು ಸಮಯ ತೋರಿಸುವುದರಲ್ಲಿ ಈ ಎರಡಕ್ಕಿಂತಲೂ ಮೇಲು. ಬ್ಯಾಟರಿ ವಾಚಿನ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಸೆಕೆಂಡಿಗೆ 8 ಸಲ ಆಡುವ ಚಕ್ರ ಅದಕ್ಕೆ ಸಾಟಿಯಾಗುವುದು ಸಾಧ್ಯವಿಲ್ಲ. 1969ರ ಡಿಸೆಂಬರ್ 25ರಂದು ಜಪಾನಿನ ಸೀಕೋ ಮೊದಲ ಕ್ವಾರ್ಟ್ಜ್ ಕೈಗಡಿಯಾರ ಮಾರಿದ ಮೇಲೆ ಸ್ವಿಟ್ಜರ್‌ಲ್ಯಾಂಡಿನಲ್ಲಿ ಎಷ್ಟೋ ಕಾರ್ಖಾನೆಗಳು ಮುಚ್ಚಿದವು. ಬ್ಯಾಟರಿ ಇಲ್ಲದೆ, ಬರೀ ಸ್ಪ್ರಿಂಗ್ ಮತ್ತು ಹಲ್ಲು ಚಕ್ರದಿಂದ ಮನುಷ್ಯ ಎಷ್ಟು ನಿಖರವಾಗಿ ಸಮಯ ಅಳೆಯಬಲ್ಲ ಎಂಬ ಕೌಶಲ ಇದೆಯಲ್ಲ, ಉಳಿದವರು ಮಾರುತ್ತಿರುವುದು ಅದನ್ನು.

ಪರೀಕ್ಷೆ ಬರೆಯುವ ವಾಚುಗಳು

ಒಂದು ದಿನಕ್ಕೆ 86,400 ಸೆಕೆಂಡು. ಅದರಲ್ಲಿ ವಾಚು ಎಷ್ಟು ತಪ್ಪಬಹುದು?

ಸ್ವಿಟ್ಜರ್‌ಲ್ಯಾಂಡಿನಲ್ಲಿ ಕೋಸ್ಕ್ ಎಂಬ ಸಂಸ್ಥೆ ಇದೆ. ಮಷೀನುಗಳನ್ನು ಅಲ್ಲಿಗೆ ಕಳಿಸಬೇಕು. 15 ದಿನ ಇಟ್ಟುಕೊಂಡು, ಐದು ಭಂಗಿಗಳಲ್ಲಿ, 8, 23, 38 ಡಿಗ್ರಿ ಹೀಗೆ ಮೂರು ತಾಪಮಾನಗಳಲ್ಲಿ ಪರೀಕ್ಷಿಸುತ್ತಾರೆ. ದಿನಕ್ಕೆ ಸರಾಸರಿ 4 ಸೆಕೆಂಡ್ ನಿಧಾನ ಅಥವಾ 6 ಸೆಕೆಂಡ್ ಮುಂದೆ, ಇದರೊಳಗೆ ಇದ್ದರೆ ಪಾಸು. ಪಾಸಾದದ್ದಕ್ಕೆ 'ಕ್ರೊನೊಮೀಟರ್' ಎಂದು ಹೆಸರು.

ರೋಲೆಕ್ಸ್ ಇಲ್ಲಿಗೆ ನಿಲ್ಲಿಸುವುದಿಲ್ಲ. ಪಾಸಾದ ಮಷೀನನ್ನು ಕೇಸಿನೊಳಗೆ ಕೂರಿಸಿದ ಮೇಲೆ ತಾನೇ ಇನ್ನೊಮ್ಮೆ ಪರೀಕ್ಷಿಸುತ್ತದೆ. 2015ರಿಂದ ಅದು ಇಟ್ಟುಕೊಂಡ ಮಿತಿ ದಿನಕ್ಕೆ 2 ಸೆಕೆಂಡ್ ಹಿಂದೆ ಅಥವಾ 2 ಸೆಕೆಂಡ್ ಮುಂದೆ. ಟ್ಯೂಡರ್ ತನ್ನ ಸ್ವಂತ ಮಷೀನಿನ ವಾಚುಗಳಿಗೆ ಇಟ್ಟುಕೊಂಡದ್ದು 2 ಹಿಂದೆ, 4 ಮುಂದೆ. ವಾರಕ್ಕೆ ಲೆಕ್ಕ ಹಾಕಿದರೆ ಅಕ್ಕ ಜಾಸ್ತಿಯೆಂದರೆ 14 ಸೆಕೆಂಡ್ ತಪ್ಪಬಹುದು, ತಂಗಿ 28. ಕೈಗೆ ಕಟ್ಟಿದವರಿಗೆ ಈ ವ್ಯತ್ಯಾಸ ಗೊತ್ತಾಗುವುದು ಕಷ್ಟ. ಆದರೆ ಆ ಎರಡು ಸೆಕೆಂಡ್ ಕಡಿಮೆ ಮಾಡಲು ಕಾರ್ಖಾನೆಯಲ್ಲಿ ಹಿಡಿಯುವ ಹೊತ್ತು, ಕೂಲಿ, ತಿರಸ್ಕರಿಸುವ ಬಿಡಿಭಾಗ ಎಲ್ಲವೂ ಬೆಲೆಯಲ್ಲಿ ಸೇರುತ್ತದೆ.

ಟ್ಯೂಡರಿನ ಕೆಲವು ವಾಚುಗಳು ಇನ್ನೊಂದು ಪರೀಕ್ಷೆಯನ್ನೂ ಬರೆಯುತ್ತವೆ. ಸ್ವಿಸ್ ಸರ್ಕಾರದ ಅಳತೆ ಸಂಸ್ಥೆ ಮೆಟಾಸ್ ನಡೆಸುವ ಪರೀಕ್ಷೆ ಅದು. ಇಡೀ ವಾಚನ್ನು 15,000 ಗಾಸ್ ಬಲದ ಆಯಸ್ಕಾಂತಕ್ಕೆ ಒಡ್ಡುತ್ತಾರೆ. ವಾಚು ನಿಧಾನವಾಗುವಂತೆಯೇ ಇಲ್ಲ, ದಿನಕ್ಕೆ 5 ಸೆಕೆಂಡಿನೊಳಗೆ ಮುಂದೆ ಹೋದರೆ ಮಾತ್ರ ಪಾಸು. 2021ರಲ್ಲಿ ಬಂದ 'ಬ್ಲಾಕ್ ಬೇ ಸೆರಾಮಿಕ್' ಇದರಲ್ಲಿ ಪಾಸಾದ ಮೊದಲ ಟ್ಯೂಡರ್. ಮೊಬೈಲ್ ಕವರಿನಲ್ಲಿ, ಬ್ಯಾಗಿನ ಗುಂಡಿಯಲ್ಲಿ, ಸ್ಪೀಕರಿನಲ್ಲಿ ಎಲ್ಲೆಲ್ಲೂ ಆಯಸ್ಕಾಂತ ಇರುವ ಈ ಕಾಲದಲ್ಲಿ ಇದು ನಿಜಕ್ಕೂ ಉಪಯೋಗಕ್ಕೆ ಬರುವ ಗುಣ. ತಂಗಿ ಎಲ್ಲದರಲ್ಲೂ ಎರಡನೆಯವಳು ಎಂದುಕೊಳ್ಳುವ ಹಾಗಿಲ್ಲ.

ಪಕ್ಕಪಕ್ಕ ಇಟ್ಟು ನೋಡೋಣ

ಎರಡು ವಾಚು ತೆಗೆದುಕೊಳ್ಳುತ್ತೇನೆ. ರೋಲೆಕ್ಸಿನ ದಿನಾಂಕವಿಲ್ಲದ ಸಬ್‌ಮರೀನರ್, 2020ರಲ್ಲಿ ಬಂದದ್ದು. ಟ್ಯೂಡರಿನ 'ಬ್ಲಾಕ್ ಬೇ ಫಿಫ್ಟಿ ಎಯ್ಟ್', 2018ರಲ್ಲಿ ಬಂದು 2020ರಲ್ಲಿ ನೀಲಿ ಬಣ್ಣದಲ್ಲೂ ಸಿಕ್ಕಿತು. ಆ ವರ್ಷ ಅಮೆರಿಕದಲ್ಲಿ ಸಬ್‌ಮರೀನರಿನ ಬೆಲೆ 8,100 ಡಾಲರ್. ಸ್ಟೀಲ್ ಚೈನಿನ ನೀಲಿ ಬ್ಲಾಕ್ ಬೇ 3,700 ಡಾಲರ್. ಅಂದರೆ ಒಂದು ಸಬ್‌ಮರೀನರಿನ ದುಡ್ಡಿಗೆ ಎರಡು ಬ್ಲಾಕ್ ಬೇ ಬಂದು, ಇನ್ನೂ 700 ಡಾಲರ್ ಉಳಿಯುತ್ತಿತ್ತು. ಆಮೇಲೆ ಎರಡರ ಬೆಲೆಯೂ ಏರಿದೆ.

ಎರಡರಲ್ಲೂ ಒಂದೇ ಆಗಿರುವುದು ಬಹಳ. ಎರಡಕ್ಕೂ ಗೀರು ಬೀಳದ ಸಫೈರ್ ಗ್ಲಾಸು. ಎರಡಕ್ಕೂ ತಿರುಪಿನಂತೆ ತಿರುಗಿಸಿ ಬಿಗಿ ಮಾಡುವ ಕೀ. ಎರಡರ ಮಷೀನೂ ಪೂರ್ತಿ ಕೀ ತುಂಬಿದ್ದರೆ ಸುಮಾರು 70 ಗಂಟೆ ಓಡುತ್ತದೆ. ಶುಕ್ರವಾರ ರಾತ್ರಿ ಬಿಚ್ಚಿಟ್ಟರೆ ಸೋಮವಾರ ಬೆಳಿಗ್ಗೆ ಆಫೀಸಿಗೆ ಹೊರಡುವಾಗ ಇನ್ನೂ ನಡೆಯುತ್ತಿರುತ್ತದೆ. ಎರಡಕ್ಕೂ ಐದು ವರ್ಷದ ಗ್ಯಾರಂಟಿ. ನೀರಿನಲ್ಲಿ ರೋಲೆಕ್ಸ್ 300 ಮೀಟರ್, ಟ್ಯೂಡರ್ 200 ಮೀಟರ್. ಈಜುಕೊಳದಲ್ಲಿ, ಸಮುದ್ರದಲ್ಲಿ ಆಡುವವರಿಗೆ ಎರಡೂ ಬೇಕಾದಷ್ಟಾಯಿತು.

ಬೇರೆಯಾಗುವುದು ಮುಖ್ಯವಾಗಿ ಮೂರು ಜಾಗದಲ್ಲಿ.

ಮೊದಲನೆಯದು ಲೋಹ. ಟ್ಯೂಡರ್ ಬಳಸುವುದು 316ಎಲ್ ಎಂಬ ಸ್ಟೀಲು. ಒಳ್ಳೆಯ ವಾಚುಗಳಲ್ಲಿ ಹೆಚ್ಚಿನವು ಇದರವೇ, ಆಸ್ಪತ್ರೆಯ ಸಲಕರಣೆಗಳಿಗೂ ಇದೇ ಜಾತಿಯ ಸ್ಟೀಲು ಬಳಸುತ್ತಾರೆ. ರೋಲೆಕ್ಸ್ ಬಳಸುವುದು 904ಎಲ್. ಉಪ್ಪು, ಆಮ್ಲ ತಾಗಿದರೆ ತುಕ್ಕು ಹಿಡಿಯುವುದು ಇನ್ನೂ ಕಡಿಮೆ, ಹೊಳಪು ಚೆನ್ನಾಗಿ ಬರುತ್ತದೆ. ಆದರೆ ಕೊರೆಯುವುದು, ಕತ್ತರಿಸುವುದು ಕಷ್ಟ. ಕಡಲ ತೀರದಲ್ಲಿ ಬೆವರುತ್ತಾ ಮೂವತ್ತು ವರ್ಷ ಕಟ್ಟುವವರಿಗೆ ಇದರ ಬೆಲೆ ಗೊತ್ತಾಗಬಹುದು. ಉಳಿದವರಿಗೆ 316ಎಲ್ ಏನೂ ತೊಂದರೆ ಕೊಡುವುದಿಲ್ಲ.

ಎರಡನೆಯದು ಬೆಜೆಲ್, ಅಂದರೆ ಗ್ಲಾಸಿನ ಸುತ್ತ ಇರುವ ತಿರುಗಿಸುವ ಬಳೆ. ಮುಳುಗುಗಾರರು ನೀರಿಗೆ ಇಳಿದ ಹೊತ್ತನ್ನು ಇದರಲ್ಲಿ ಗುರುತು ಮಾಡಿಕೊಳ್ಳುತ್ತಾರೆ. ಸಬ್‌ಮರೀನರಿನ ಬಳೆಯ ಮೇಲೆ ಸೆರಾಮಿಕ್, ಬ್ಲಾಕ್ ಬೇ ಮೇಲೆ ಬಣ್ಣ ಹಾಕಿದ ಅಲ್ಯುಮಿನಿಯಂ. ಅಡುಗೆಮನೆಯಲ್ಲೇ ಉತ್ತರ ಇದೆ. ಪಿಂಗಾಣಿ ಕಪ್ಪು ಇಪ್ಪತ್ತು ವರ್ಷವಾದರೂ ಹೊಸದರಂತೆ ಇರುತ್ತದೆ, ಅಲ್ಯುಮಿನಿಯಂ ಪಾತ್ರೆಗೆ ಗೀರು ಬೀಳುತ್ತದೆ. ಬಿಸಿಲಿಗೆ ಅಲ್ಯುಮಿನಿಯಂನ ಬಣ್ಣ ನಿಧಾನಕ್ಕೆ ಮಾಸುತ್ತದೆ. ಹಾಗೆ ಮಾಸಿದ್ದನ್ನೇ ಇಷ್ಟಪಟ್ಟು ಹುಡುಕುವವರೂ ಇದ್ದಾರೆ.

ಮೂರನೆಯದು ಚೈನಿನ ಕೊಂಡಿ. ಸುಮ್ನೆ ಹೇಳುತ್ತಿಲ್ಲ, ದಿನಾ ಕಟ್ಟುವವರಿಗೆ ಅತಿ ಹೆಚ್ಚು ವ್ಯತ್ಯಾಸ ಗೊತ್ತಾಗುವುದು ಇಲ್ಲೇ. ಬೇಸಿಗೆಯ ಮಧ್ಯಾಹ್ನ ಮಣಿಕಟ್ಟು ಸ್ವಲ್ಪ ಊದುತ್ತದೆ, ಬೆಳಿಗ್ಗೆ ಸರಿಯಾಗಿದ್ದ ಚೈನು ಬಿಗಿಯಾಗುತ್ತದೆ. ಸಬ್‌ಮರೀನರಿನ ಕೊಂಡಿಯೊಳಗೆ ಬೆರಳಲ್ಲೇ ಎತ್ತಿ ಜಾರಿಸುವ ಹಲ್ಲಿನ ಪಟ್ಟಿ ಇದೆ, ಒಂದೊಂದು ಹಲ್ಲಿಗೆ ಸುಮಾರು 2 ಮಿಲಿಮೀಟರ್ ಸಡಿಲ. 2020ರ ಬ್ಲಾಕ್ ಬೇ ಕೊಂಡಿಯಲ್ಲಿ ಆ ಸೌಲಭ್ಯ ಇರಲಿಲ್ಲ, ಸಣ್ಣ ಸೂಜಿಯಂಥದ್ದರಲ್ಲಿ ಒತ್ತಿ ತೂತು ಬದಲಿಸಬೇಕಿತ್ತು. ಟ್ಯೂಡರ್ ಆಮೇಲೆ ಬೇರೆ ಬೇರೆ ವಾಚುಗಳಿಗೆ ಬೆರಳಲ್ಲೇ ಸರಿಪಡಿಸುವ ಕೊಂಡಿ ಕೊಡತೊಡಗಿತು.

ಇನ್ನು ಕಣ್ಣಿಗೆ ಮೊದಲು ಬೀಳುವ ವ್ಯತ್ಯಾಸ ಮುಳ್ಳುಗಳದ್ದು. ಸಬ್‌ಮರೀನರಿನ ಗಂಟೆ ಮುಳ್ಳಿನ ತುದಿಯಲ್ಲಿ ಮೂರು ಭಾಗ ಮಾಡಿದ ದುಂಡು ಚಕ್ರ. ಟ್ಯೂಡರಿನದು ಚೌಕಟ್ಟಾದ ಹರಳಿನ ಹಾಗೆ, ಅದಕ್ಕೆ ಹಿಮದ ಹಳಕು ಎಂಬ ಅರ್ಥದ 'ಸ್ನೋಫ್ಲೇಕ್' ಎಂದು ಹೆಸರು. 1969ರಿಂದ ಬಂದದ್ದು. ಈಗಿನ ಟ್ಯೂಡರ್ ಮೇಲೆ ಹೊರಗಡೆ ಎಲ್ಲೂ ರೋಲೆಕ್ಸ್ ಕಿರೀಟ ಇಲ್ಲ. ಹೊಸ ಟ್ಯೂಡರ್ ಎಂದು ಯಾರಾದರೂ ಕಿರೀಟವಿರುವ ವಾಚ್ ತೋರಿಸಿದರೆ ಅನುಮಾನ ಪಡಬೇಕು.

ಹಾಗಾದರೆ ಟ್ಯೂಡರ್ ಹೇಗೆ ಅಷ್ಟು ಕಡಿಮೆಗೆ ಕೊಡುತ್ತದೆ?

ಮಷೀನು ಹೊರಗಿನಿಂದ ಕೊಂಡು ಹಾಕುವ ಪದ್ಧತಿಯಿಂದ ಟ್ಯೂಡರ್ ಹೊರಬರತೊಡಗಿದ್ದು 2015ರಲ್ಲಿ. ಆ ವರ್ಷ ಸ್ವಂತ ಮಷೀನು ತಂದಿತು. ಮುಂದಿನ ವರ್ಷ 'ಕೆನಿಸಿ' ಎಂಬ ಮಷೀನು ತಯಾರಿಸುವ ಕಂಪನಿಯನ್ನು ಟ್ಯೂಡರ್ ಹುಟ್ಟುಹಾಕಿತು. ಆಮೇಲೆ ಫ್ರಾನ್ಸಿನ ಶನೆಲ್ ಕೂಡ ಅದರಲ್ಲಿ ಶೇ 20ರಷ್ಟು ಪಾಲು ಕೊಂಡಿತು. ಸ್ವಿಟ್ಜರ್‌ಲ್ಯಾಂಡಿನ ಲ ಲೋಕಲ್ ಎಂಬ ಊರಿನಲ್ಲಿ ಕೆನಿಸಿಯ ಕಾರ್ಖಾನೆ ಇದೆ.

ಕೆನಿಸಿ ಮಾಡಿದ ಮಷೀನು ಟ್ಯೂಡರಿಗೆ ಮಾತ್ರ ಹೋಗುವುದಿಲ್ಲ. ಬ್ರೈಟ್ಲಿಂಗ್, ನಾರ್ಕೇನ್ ಮುಂತಾದ ಬೇರೆ ಬ್ರ್ಯಾಂಡುಗಳೂ ಕೊಳ್ಳುತ್ತವೆ. ಅದಕ್ಕೆ ಪ್ರತಿಯಾಗಿ ಟ್ಯೂಡರಿನ ಸ್ಟಾಪ್‌ವಾಚ್ ಇರುವ ಮಾದರಿಗಳಲ್ಲಿ ಬ್ರೈಟ್ಲಿಂಗಿನ ಮಷೀನಿನ ಆಧಾರ ಇದೆ. ನಮ್ಮ ರಸ್ತೆಗಳಲ್ಲಿ ಸುಜುಕಿಯ ಬಲೆನೊ ಮತ್ತು ಟೊಯೊಟಾದ ಗ್ಲಾಂಜಾ ಓಡುತ್ತವಲ್ಲ, ಆ ತರಹದ ಕೊಡು-ಕೊಳ್ಳು. ಒಂದು ಯಂತ್ರವನ್ನು ರೂಪಿಸುವ ಖರ್ಚು ನಾಲ್ಕಾರು ಜನರ ನಡುವೆ ಹಂಚಿಹೋಗುತ್ತದೆ.

ರೋಲೆಕ್ಸ್ ಹೀಗೆ ಮಾಡುವುದಿಲ್ಲ. ಅದರ ಮಷೀನು ಬೇರೆ ಯಾರ ವಾಚಿನಲ್ಲೂ ಸಿಗುವುದಿಲ್ಲ, ತಂಗಿಯ ವಾಚಿನಲ್ಲೂ ಇಲ್ಲ. ಚಿನ್ನವನ್ನು ತನ್ನದೇ ಕುಲುಮೆಯಲ್ಲಿ ಕರಗಿಸಿ ಮಿಶ್ರಣ ಮಾಡುತ್ತದೆ. ಸಬ್‌ಮರೀನರಿನ ಹೇರ್‌ಸ್ಪ್ರಿಂಗನ್ನು ನಿಯೋಬಿಯಂ ಮತ್ತು ಜಿರ್ಕೋನಿಯಂ ಬೆರೆಸಿದ ಲೋಹದಿಂದ ತಾನೇ ಮಾಡಿಕೊಳ್ಳುತ್ತದೆ. ಟ್ಯೂಡರ್ ಬಳಸುವುದು ಸಿಲಿಕಾನ್ ಹೇರ್‌ಸ್ಪ್ರಿಂಗ್, ಅದಕ್ಕೆ ಆಯಸ್ಕಾಂತ ಹಿಡಿಯುವುದೇ ಇಲ್ಲ. ಎರಡೂ ಒಳ್ಳೆಯ ಉತ್ತರಗಳೇ, ದಾರಿ ಬೇರೆ.

ಆದರೆ 8,100ಕ್ಕೂ 3,700ಕ್ಕೂ ನಡುವಿನ 4,400 ಡಾಲರ್ ಪೂರ್ತಿ ಲೋಹ ಮತ್ತು ಕೌಶಲದ ಬೆಲೆ ಎಂದು ನನಗೆ ಅನ್ನಿಸುವುದಿಲ್ಲ. ಅದರಲ್ಲಿ ಒಂದು ಪಾಲು ಹೆಸರಿಗೆ. ನೂರು ವರ್ಷದ ಜಾಹೀರಾತು, ಟೆನಿಸ್ ಪಂದ್ಯಗಳ ಗಡಿಯಾರ, ಕೈಯಲ್ಲಿ ಕಂಡ ಕೂಡಲೇ ಗುರುತಿಸುವ ಜನ, ಇವೆಲ್ಲ ಆ ಹೆಸರಿನೊಳಗೆ ಇವೆ. ಇದು ಮೋಸವೇನಲ್ಲ. ಕೊಳ್ಳುವವರು ಅದನ್ನೂ ಬೇಕೆಂದೇ ಕೊಳ್ಳುತ್ತಾರೆ. ಗೊತ್ತಿದ್ದು ಕೊಟ್ಟರೆ ಸಾಕು.

ದುಡ್ಡಿದ್ದರೂ ಸಿಗದ ವಾಚು

ರೋಲೆಕ್ಸ್ ವರ್ಷಕ್ಕೆ ಹತ್ತು ಲಕ್ಷಕ್ಕೂ ಜಾಸ್ತಿ ವಾಚು ಮಾಡುತ್ತದೆ ಎಂಬುದು ಮಾರುಕಟ್ಟೆ ಬಲ್ಲವರ ಅಂದಾಜು, ಕಂಪನಿ ಲೆಕ್ಕ ಕೊಡುವುದಿಲ್ಲ. ಅಷ್ಟಾದರೂ ಬೇಡಿಕೆಯ ಮಾದರಿಗಳನ್ನು ಶೋರೂಮಿಗೆ ಹೋಗಿ ದುಡ್ಡು ಕೊಟ್ಟು ಅಲ್ಲೇ ತರಲು ಆಗುವುದಿಲ್ಲ. ಹೆಸರು ಬರೆಸಿ ಕಾಯಬೇಕು. ಕಾಯಲಾಗದವರು ಬೇರೆಯವರ ಕೈಯಿಂದ ಜಾಸ್ತಿ ಕೊಟ್ಟು ಕೊಳ್ಳುತ್ತಾರೆ. ಹೀಗಾಗಿ ಕೆಲವು ರೋಲೆಕ್ಸ್ ವಾಚುಗಳಿಗೆ ಶೋರೂಮ್ ಬೆಲೆಗಿಂತ ಸೆಕೆಂಡ್ ಹ್ಯಾಂಡ್ ಬೆಲೆಯೇ ಜಾಸ್ತಿ. ಟ್ಯೂಡರ್ ಸಾಮಾನ್ಯವಾಗಿ ಹಾಗಲ್ಲ. ಹೊಸ ಕಾರಿನ ಹಾಗೆ, ಅಂಗಡಿಯಿಂದ ಹೊರಬಂದ ಮೇಲೆ ಅದರ ಬೆಲೆ ಸ್ವಲ್ಪ ಇಳಿಯುತ್ತದೆ.

ಇದನ್ನು ನೋಡಿ 'ರೋಲೆಕ್ಸ್ ಎಂದರೆ ಚಿನ್ನದಂಥ ಹೂಡಿಕೆ' ಎನ್ನುವವರಿದ್ದಾರೆ. 2022ರ ಮೊದಲ ತಿಂಗಳುಗಳಲ್ಲಿ ತುತ್ತತುದಿಗೆ ಏರಿದ್ದ ಸೆಕೆಂಡ್ ಹ್ಯಾಂಡ್ ಬೆಲೆಗಳು ಆ ಮೇಲೆ ಬಹಳ ಕೆಳಗೆ ಬಂದವು. ಆಗ ಲಾಭದ ಆಸೆಗೆ ಕೊಂಡವರು ಕೈ ಸುಟ್ಟುಕೊಂಡರು.

ಸುಂಕ ಇಳಿದರೆ ನಮಗೆ ಎಷ್ಟು ಉಳಿಯುತ್ತದೆ?

ಸ್ವಿಸ್ ವಾಚುಗಳಿಗೆ ಭಾರತದಲ್ಲಿ ಇದ್ದ ಆಮದು ಸುಂಕ ಶೇ 20ರ ಆಸುಪಾಸು. ಒಪ್ಪಂದದ ಪ್ರಕಾರ ಇದು ಏಳು ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಇಳಿದು ಇಲ್ಲವಾಗಬೇಕು. ಆದರೆ ಶೋರೂಮ್ ಬೆಲೆಯಲ್ಲಿ ಶೇ 20 ಇಳಿಯುತ್ತದೆ ಎಂದುಕೊಂಡರೆ ತಪ್ಪಾಗುತ್ತದೆ. ಸುಂಕ ಹಾಕುವುದು ಹಡಗಿನಿಂದಲೋ ವಿಮಾನದಿಂದಲೋ ಇಳಿಯುವಾಗಿನ ಬೆಲೆಯ ಮೇಲೆ. ಅಂಗಡಿಯವರ ಲಾಭ, ಬಾಡಿಗೆ, ಜಿಎಸ್‌ಟಿ ಎಲ್ಲ ಅದರ ಮೇಲೆ ಸೇರುವಂಥವು. ಸ್ವಿಸ್ ಫ್ರಾಂಕ್ ಎದುರು ರೂಪಾಯಿ ಇಳಿದರೆ ಉಳಿದದ್ದು ಅಲ್ಲಿಗೆ ಹೋಗುತ್ತದೆ. ಕೊನೆಯ ಬೆಲೆ ಎಷ್ಟಿರಬೇಕು ಎಂದು ತೀರ್ಮಾನಿಸುವುದು ಕಂಪನಿಯೇ. ಕಾದು ಕೊಳ್ಳುವುದಾದರೆ ಈ ಲೆಕ್ಕ ತಲೆಯಲ್ಲಿರಲಿ.

ಅಜ್ಜನ ವಾಚು

ಗೆಳೆಯನನ್ನು ನನಗೆ ಗೊತ್ತಿರುವ ಒಬ್ಬ ಹಿರಿಯ ರಿಪೇರಿಯವರ ಹತ್ತಿರ ಕರೆದುಕೊಂಡು ಹೋದೆ. ಅವರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಹಿಂದಿನ ಮುಚ್ಚಳವನ್ನು ನಿಧಾನಕ್ಕೆ ತಿರುಗಿಸಿದರು. ತಿರುಪಿನ ಸಂದಿಯಲ್ಲಿ ಹಸಿರುಗಟ್ಟಿದ ಬೆವರಿನ ಕೊಳೆ ಇತ್ತು. ಒಳಗೆ ಮಾತ್ರ ಒಂದು ಚುಕ್ಕೆ ತುಕ್ಕು ಇರಲಿಲ್ಲ. ಐವತ್ತಕ್ಕೂ ಹೆಚ್ಚು ಮಳೆಗಾಲ ಕಳೆದ ಕರಾವಳಿಯ ಮನೆಯಲ್ಲಿ ಇದ್ದ ವಾಚು ಅದು.

ರೋಟರ್ ಮೇಲೆ 'ಟ್ಯೂಡರ್ ಆಟೊ-ಪ್ರಿನ್ಸ್' ಎಂದು ಕೆತ್ತಿತ್ತು. ಕೆಳಗಿನ ಮಷೀನು ಈಟಿಎ ಎಂಬ ಸ್ವಿಸ್ ತಯಾರಕರದ್ದು. "ನೋಡಿ ಸಾರ್, ಮಷೀನು ಅದರದ್ದೇ. ಯಾರೂ ಏನೂ ಬದಲಾಯಿಸಿಲ್ಲ" ಅಂದರು. ಗೆಳೆಯ ಮಸೂರ ಇಸಕೊಂಡು ತಾನೂ ನೋಡಿದ. ಬಹಳ ಹೊತ್ತು ನೋಡಿದ.

ತೊಳೆದು, ಎಣ್ಣೆ ಹಾಕಿ ಕೊಡಲು ಹತ್ತು ದಿನ ಆಯಿತು. ಮೊದಲ ದಿನ ಮೊಬೈಲಿನ ಸಮಯಕ್ಕೆ ಹೋಲಿಸಿದಾಗ 11 ಸೆಕೆಂಡ್ ಹಿಂದೆ ಇತ್ತು. ಸರಿ ಮಾಡಿಸಲಾ ಎಂದು ಕೇಳಿದೆ. "ಬೇಡ ಮಾರಾಯ, ಅಜ್ಜ ಕಟ್ಟುವಾಗಲೂ ಹೀಗೇ ಇತ್ತೋ ಏನೋ" ಅಂದು ಕೈಗೆ ಕಟ್ಟಿಕೊಂಡೇ ರಾತ್ರಿ ಬಸ್ಸು ಹತ್ತಿದ.